ಹಣ್ಣೆಲೆ ಕಾಣಲು ಎಲ್ಲಿಗೆ ಹೋಗಬೇಕು?

ಹೊಳೆನರಸೀಪುರದ ಓದುಗರೊಬ್ಬರು, ವಯಸ್ಸಾದ ತಾಯಿ, ಹಿಂದಿನ ವರ್ಷದ ಕಾರ್ತಿಕ ಮಾಸದಲ್ಲಿ ನಮಗೊಂದು ಕಾಗದ ಬರೆದಿದ್ದರು. ಅವರ ಮಗಳು ಅಳಿಯ ಅಮೆರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿ ಅಕ್ಟೋಬರ್ ಬಂತೆಂದರೆ ಮನೆಮಂದಿಯೆಲ್ಲ ಕಾರಿನಲ್ಲಿ ಹೊರಟು, ಬೆಟ್ಟಗುಡ್ಡಗಳ ಮರಗಳು ಕೆಂಪೇರುವುದನ್ನು ನೋಡಿ ಬರುವುದು ಒಂದು ಹಬ್ಬವಂತೆ. ಮೊಮ್ಮಕ್ಕಳು ಆ ಚಿತ್ರಗಳನ್ನು ಫೋನಿನಲ್ಲಿ ಕಳಿಸಿ, “ಅಜ್ಜಿ, ನಿಮ್ಮೂರಿನಲ್ಲಿ ಎಲೆ ಬಣ್ಣ ತಿರುಗುವುದನ್ನು ಎಲ್ಲಿ ನೋಡಬಹುದು?” ಎಂದು ಕೇಳಿದ್ದಾರೆ. “ನಮ್ಮಲ್ಲಿ ಅಂಥದ್ದೇನೂ ಇಲ್ಲ ಮಗು, ಇಲ್ಲಿ ವರ್ಷವೆಲ್ಲ ಹಸಿರೇ ಎಂದುಬಿಟ್ಟೆ. ನಾನು ಹೇಳಿದ್ದು ಸರಿಯೇ?” ಎಂಬುದು ಆ ತಾಯಿಯ ಪ್ರಶ್ನೆ.

ಆ ಗಳಿಗೆಯಲ್ಲಿ ಯಾರಾದರೂ ಕೇಳಿದ್ದರೆ ನಾವೂ ಅದೇ ಉತ್ತರ ಕೊಡುತ್ತಿದ್ದೆವೇನೋ. ಹಾಸನ ಸೀಮೆಯೆಂದರೆ ತೆಂಗು, ಕೆರೆ, ಕಾಫಿ, ಹಸಿರು ಎಂಬ ಚಿತ್ರ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಕಾಶ್ಮೀರದ ಚಿನಾರ್ ಮರಗಳ ಕೆಂಪನ್ನು ಕ್ಯಾಲೆಂಡರಿನಲ್ಲಿ ಮೆಚ್ಚಿ ಗೋಡೆಗೆ ತೂಗುಹಾಕುವ ನಾವು, ಮನೆಯ ಮುಂದಿನ ಮರ ವರ್ಷಕ್ಕೊಮ್ಮೆ ಉಡುಗೆ ಬದಲಿಸಿದರೆ ಅದನ್ನು ಕಸವೆಂದು ಗುಡಿಸಿ ಬೆಂಕಿ ಹಾಕುತ್ತೇವೆ. ಆದುದರಿಂದ ಉತ್ತರ ಬರೆಯುವ ಮುನ್ನ ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಈ ನಾಲ್ಕು ತಾಲ್ಲೂಕುಗಳನ್ನು ಮಾಗಿಯಿಂದ ಯುಗಾದಿಯವರೆಗೆ ಬಿಡುವಾದಾಗಲೆಲ್ಲ ಸುತ್ತಿ ಬಂದೆವು. ಉತ್ತರ ತಡವಾದುದಕ್ಕೆ ಆ ತಾಯಿ ಕ್ಷಮಿಸಬೇಕು.

ತಪ್ಪು ಆರಂಭವಾಗುವುದು ಹೆಸರಿನಿಂದ. ಇಂಗ್ಲಿಷಿನ ‘ಆಟಮ್’ ಎಂಬ ಮಾತಿಗೆ ಶಾಲೆಯಲ್ಲಿ ನಮಗೆ ಹೇಳಿಕೊಟ್ಟ ಅರ್ಥ ಶರತ್ಕಾಲ. ಪಂಚಾಂಗದ ಲೆಕ್ಕಕ್ಕೆ ಅದು ಹೊಂದುತ್ತದೆ. ಅಲ್ಲಿಯ ಅಕ್ಟೋಬರ್, ನವೆಂಬರ್ ತಿಂಗಳುಗಳೇ ನಮ್ಮ ಆಶ್ವಯುಜ, ಕಾರ್ತಿಕ. ಆದರೆ ನಮ್ಮ ಶರತ್ತಿನಲ್ಲಿ ಎಲೆ ಉದುರುವುದಿಲ್ಲ. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವ ಹೊತ್ತಿಗೆ ಹೊಲದಲ್ಲಿ ರಾಗಿ ತೆನೆಗಟ್ಟುತ್ತಿರುತ್ತದೆ, ಅವರೆ ಹೂಬಿಡುತ್ತಿರುತ್ತದೆ, ಮಳೆ ಚೆನ್ನಾಗಿ ಆದ ವರ್ಷವಾದರೆ ಕೆರೆಗಳು ತುಂಬಿ ನಿಂತಿರುತ್ತವೆ. ನಮಗೆ ಎಲೆ ಉದುರುವ ಕಾಲ ಶಿಶಿರ, ಎಂದರೆ ಮಾಘ ಮತ್ತು ಫಾಲ್ಗುಣ. ಅದಕ್ಕೆ ಮುನ್ನುಡಿಯಾಗಿ ಬರುವ ಚಳಿಯನ್ನು ನಮ್ಮ ಹಳ್ಳಿಗರು ಮಾಗಿ ಎನ್ನುತ್ತಾರೆ. ಬಣ್ಣ ತಿರುಗಿದ ಎಲೆಗೆ ಕನ್ನಡ ಇಟ್ಟಿರುವ ಹೆಸರು ಹಣ್ಣೆಲೆ. ಉದುರಿ ಒಣಗಿದ ಮೇಲೆ ಅದು ತರಗೆಲೆ. ಕಾಯಿ ಮಾಗಿ ಹಣ್ಣಾದಂತೆ ಎಲೆಯೂ ಮಾಗಿ ಹಣ್ಣಾಗುತ್ತದೆಂದು ಕಂಡ ಹಿರಿಯರು ನಮ್ಮಷ್ಟು ಕುರುಡರಾಗಿರಲಿಲ್ಲ.

ಎಲೆ ಏಕೆ ಹಣ್ಣಾಗುತ್ತದೆಂದು ಮಕ್ಕಳು ಕೇಳಿದರೆ ಇಷ್ಟು ಹೇಳಬಹುದು. ಎಲೆಯ ಹಸಿರಿಗೆ ಕಾರಣ ಪತ್ರಹರಿತ್ತು. ಮರವು ಎಲೆಯನ್ನು ಬಿಡಲು ಸಿದ್ಧವಾದಾಗ ಈ ಹಸಿರನ್ನು ಒಡೆದು, ಅದರಲ್ಲಿರುವ ಸಾರಜನಕ ಮುಂತಾದ ಸತ್ವವನ್ನು ಕೊಂಬೆಗೆ ಹಿಂದೆಗೆದುಕೊಳ್ಳುತ್ತದೆ. ಹಸಿರು ಹೋದಮೇಲೆ ಅದರಡಿಯಲ್ಲಿ ಮೊದಲಿನಿಂದಲೂ ಇದ್ದ ಹಳದಿ ಕಾಣಿಸಿಕೊಳ್ಳುತ್ತದೆ. ಕೆಂಪು ಮಾತ್ರ ಹಾಗಲ್ಲ, ಅದನ್ನು ಕೆಲವು ಮರಗಳು ಕೊನೆಯ ದಿನಗಳಲ್ಲಿ ಹೊಸದಾಗಿ ತಯಾರಿಸುತ್ತವೆ. ಅನಂತರ ತೊಟ್ಟಿನ ಬುಡದಲ್ಲಿ ಒಂದು ತೆಳುಪದರ ಬೆಳೆದು ಎಲೆಗೂ ಕೊಂಬೆಗೂ ಸಂಬಂಧ ಕಡಿಯುತ್ತದೆ. ಸಣ್ಣ ಗಾಳಿ ಸಾಕು. ಶೀತದೇಶಗಳಲ್ಲಿ ಇದನ್ನು ಆರಂಭಿಸುವುದು ಹಗಲು ಕಿರಿದಾಗುವುದು ಮತ್ತು ಚಳಿ. ನಮ್ಮಲ್ಲಿ ಮುಖ್ಯವಾಗಿ ನೀರಡಿಕೆ. ಎಲೆಯ ಮೂಲಕ ನೀರು ಆವಿಯಾಗಿ ಹೋಗುತ್ತಲೇ ಇರುವುದರಿಂದ, ನೆಲ ಒಣಗಿದಾಗ ಮರ ಎಲೆಯ ಖರ್ಚನ್ನು ಕಡಿಮೆ ಮಾಡಿಕೊಳ್ಳುತ್ತದೆ. ಆದರೆ ಅಲ್ಲಿಯ ಮರ ಎಲೆ ಕಳೆದುಕೊಂಡು ತಿಂಗಳುಗಟ್ಟಲೆ ಬರಿದಾಗಿ ಹಿಮದಲ್ಲಿ ನಿಲ್ಲಬೇಕು. ನಮ್ಮ ಅರಳಿಮರವೋ, ಒಂದು ಕಡೆ ಹಣ್ಣೆಲೆ ಉದುರಿಸುತ್ತ ಎರಡು ಮೂರು ವಾರದೊಳಗೆ ತಾಮ್ರದ ಬಣ್ಣದ ಚಿಗುರು ಹೊದ್ದು ನಿಲ್ಲುತ್ತದೆ. ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತೆಂಬ ಗಾದೆ ಹುಟ್ಟಬೇಕಾದರೆ ಎರಡೂ ಒಂದೇ ಮರದಲ್ಲಿ ಒಟ್ಟಿಗೆ ಇರಬೇಕಷ್ಟೆ. ಅಮೆರಿಕದ ಮೇಪಲ್ ಮರವನ್ನು ನೋಡಿ ಈ ಗಾದೆ ಹುಟ್ಟುತ್ತಿರಲಿಲ್ಲ.

ಇನ್ನು ಎಲ್ಲಿ, ಯಾವಾಗ ಎಂಬ ಮಾತು. ನಮ್ಮ ಜಿಲ್ಲೆಯ ಮಳೆ ಪಶ್ಚಿಮದಿಂದ ಪೂರ್ವಕ್ಕೆ ಇಳಿಯುತ್ತ ಬರುತ್ತದೆ. ಸಕಲೇಶಪುರದ ಕಡೆ ಬೀಳುವ ಮಳೆಯ ಮೂರರಲ್ಲೊಂದು ಪಾಲಿನಷ್ಟು ಚನ್ನರಾಯಪಟ್ಟಣದ ಕಡೆ ಬಿದ್ದರೆ ಅದೇ ಹೆಚ್ಚು. ಆದುದರಿಂದ ನೆಲ ಮೊದಲು ಒಣಗುವುದು ಪೂರ್ವದಲ್ಲಿ, ಸಾಮಾನ್ಯವಾಗಿ ಎಲೆ ಮೊದಲು ಉದುರುವುದೂ ಅಲ್ಲಿಯೇ. ಚನ್ನರಾಯಪಟ್ಟಣದ ಬಯಲನ್ನು ಮೊದಲು ನೋಡಿ, ಅರೆಮಲೆನಾಡಾದ ಅರಕಲಗೂಡನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಆದರೆ ಎಲ್ಲಕ್ಕಿಂತ ಮುಂಚೆ ಬಣ್ಣ ತಿರುಗುವ ಮರವೊಂದು ಹಾಸನ ನಗರದೊಳಗೇ ಇದೆ. ಅದು ಬಾದಾಮಿ ಮರ. ಅಂಗಡಿಯಲ್ಲಿ ಕೊಳ್ಳುವ ಬಾದಾಮಿಗೂ ಇದಕ್ಕೂ ಸಂಬಂಧವಿಲ್ಲ. ಇದು ಕಡಲತೀರದ ಮರ. ಛತ್ರಿಯಂತೆ ಅಡ್ಡಡ್ಡಕ್ಕೆ ಹರಡುವ ಕೊಂಬೆಗಳ ನೆರಳಿಗಾಗಿ ಶಾಲೆಗಳ, ಕಚೇರಿಗಳ, ಹಳೆಯ ಮನೆಗಳ ಆವರಣದಲ್ಲಿ ನೆಟ್ಟು ಬೆಳೆಸಿದ್ದಾರೆ. ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿರುವ, ‘ಬಡವರ ಊಟಿ’ ಎಂದು ಹೆಸರಾದ ಹಾಸನದಲ್ಲಿ ಡಿಸೆಂಬರಿನ ಚಳಿ ಬಿದ್ದೊಡನೆ ಇದರ ಅಂಗೈಗಿಂತ ಅಗಲವಾದ ಎಲೆಗಳು ಒಂದೊಂದಾಗಿ ಕೆಂಪಾಗುತ್ತವೆ. ಮರವೆಲ್ಲ ಒಮ್ಮೆಗೇ ಅಲ್ಲ. ಒಂದೇ ಕೊಂಬೆಯಲ್ಲಿ ಒಂದು ಎಲೆ ಹಸಿರು, ಒಂದು ಕಿತ್ತಳೆ, ಒಂದು ಕುಂಕುಮ. ಅಮೆರಿಕದ ಚಿತ್ರದ ಪಕ್ಕದಲ್ಲಿಟ್ಟು ತೋರಿಸಬಹುದಾದ ಕೆಂಪು ನಮ್ಮ ಊರಿನಲ್ಲಿ ಯಾವುದಾದರೂ ಇದ್ದರೆ ಇದೇ. ಮಹಾರಾಜ ಉದ್ಯಾನದ ಸುತ್ತಮುತ್ತ, ಹಳೆಯ ಬಡಾವಣೆಗಳ ಬೀದಿಗಳಲ್ಲಿ ಬೆಳಗಿನ ಏಳರಿಂದ ಎಂಟರ ಒಳಗೆ ನಡೆದು ನೋಡಬೇಕು. ಓರೆಯಾಗಿ ಬೀಳುವ ಬಿಸಿಲಿನಲ್ಲಿ ಎಲೆ ಒಳಗಿನಿಂದ ದೀಪ ಹಚ್ಚಿದಂತೆ ಕಾಣುತ್ತದೆ. ಎಂಟು ದಾಟಿದರೆ ವಾಹನಗಳ ಗದ್ದಲ, ಪೊರಕೆಗಳ ಧೂಳು.

ಅರಳಿ, ಬೇವು, ಹೊಂಗೆ ಇವುಗಳ ಸರದಿ ಬರುವುದು ಫೆಬ್ರವರಿ, ಮಾರ್ಚಿಯಲ್ಲಿ. ಕಾಡಿನ ನೋಟ ಬೇಕೆನ್ನುವವರು ನಗರದ ಹೊರವಲಯದ ಗೆಂಡೆಕಟ್ಟೆಗೆ ಹೋಗಬಹುದು, ಇಲ್ಲವೆ ಮಲ್ಲೇಶ್ವರಸ್ವಾಮಿಯ ಗುಡಿಯಿರುವ ಸೀಗೆಗುಡ್ಡವನ್ನು ಹತ್ತಬಹುದು. ಅರಳೀಕಟ್ಟೆಗಳಂತೂ ಎಲ್ಲ ಕೇರಿಗಳಲ್ಲಿಯೂ ಇವೆ. ಮರವನ್ನು ಸುತ್ತುವುದನ್ನು ಬಸವಣ್ಣನವರು ಭಕ್ತಿಯೆಂದು ಒಪ್ಪಲಿಲ್ಲವೆಂಬುದು ನಮ್ಮ ಓದುಗರು ಬಲ್ಲ ಸಂಗತಿಯೇ. ನಾವು ಸುತ್ತಲು ಹೇಳುತ್ತಿಲ್ಲ. ನಿಂತು ನೋಡಲು ಹೇಳುತ್ತಿದ್ದೇವೆ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ತಿರುವಿನಲ್ಲಿ ದೊಡ್ಡದೊಂದು ಹೊಂಗೆಯ ಮರವಿತ್ತು. ಮಾಘ ಮಾಸ ಬಂತೆಂದರೆ ಅದರ ಎಲೆ ಅಕ್ಕಪಕ್ಕದ ಮೂರು ನಾಲ್ಕು ಮನೆಗಳ ಅಂಗಳವನ್ನು ತುಂಬುತ್ತಿತ್ತು, ಚರಂಡಿ ಕಟ್ಟಿಕೊಳ್ಳುತ್ತಿತ್ತು. ನೆರೆಯವರು ಮರ ತೆಗೆಸಬೇಕೆಂದು ಅರ್ಜಿ ಬರೆದು ಸಹಿಗಾಗಿ ತಂದರು. ನಾವೂ ಸಹಿ ಹಾಕಿದೆವು. ಓದಿ ನೋಡಿಯೇ ಹಾಕಿದೆವು. ನೆರೆಹೊರೆಯ ಮಾತು ಮೀರಬಾರದೆಂಬುದು ಒಂದು ನೆಪ, ಗುಡಿಸುವ ಬೇಸರ ನಿಜವಾದ ಕಾರಣ. ಒಂದು ಬೆಳಗ್ಗೆ ಗರಗಸದ ಯಂತ್ರ ಬಂದು ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿಸಿಬಿಟ್ಟಿತು. ಆ ಮರದ ಬುಡದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದ ಹೆಂಗಸು ಒಂದು ತಿಂಗಳು ಯಾರದೋ ಮನೆಯ ಸಜ್ಜೆಯ ಕೆಳಗೆ ಕುಳಿತು ನೋಡಿದಳು. ಚೈತ್ರದ ಬಿಸಿಲಿಗೆ ಹೂವು ಹತ್ತು ಗಂಟೆಗೇ ಬಾಡಿಹೋಗುತ್ತಿತ್ತು. ಅವಳು ಬೇರೆ ಬೀದಿ ಹಿಡಿದಳು. ಪೂಜೆಯ ಹೂವಿಗೆ ಈಗ ನಾವು ಬಸ್ ನಿಲ್ದಾಣದವರೆಗೆ ನಡೆಯುತ್ತೇವೆ. ಅಂಗಳ ಮಾತ್ರ ಸ್ವಚ್ಛವಾಗಿದೆ.

ಹಾಸನದಿಂದ ಚನ್ನರಾಯಪಟ್ಟಣಕ್ಕೆ ಸುಮಾರು 38 ಕಿ.ಮೀ. ಬೆಂಗಳೂರು–ಮಂಗಳೂರು ಹೆದ್ದಾರಿ ನಾಲ್ಕು ಪಥವಾದ ಮೇಲೆ ಪ್ರಯಾಣ ಸುಖವಾಗಿದೆ, ಆದರೆ ಹಳೆಯ ಸಾಲುಮರಗಳ ನೆರಳಿನಲ್ಲಿ ಬಸ್ಸು ಹೋಗುತ್ತಿದ್ದುದನ್ನು ಬಲ್ಲವರಿಗೆ ಆ ದಾರಿಯ ಗುರುತೇ ಸಿಕ್ಕುವುದಿಲ್ಲ. ಹಣ್ಣೆಲೆಗಾಗಿ ಹೊರಟವರು ಹೆದ್ದಾರಿಯನ್ನು ಬಿಟ್ಟು ಒಳರಸ್ತೆ ಹಿಡಿಯಬೇಕು. ಶ್ರವಣಬೆಳಗೊಳ, ನುಗ್ಗೇಹಳ್ಳಿ, ಹಿರೀಸಾವೆಯ ಕಡೆಯ ರಸ್ತೆಗಳಲ್ಲಿ ತೆಂಗಿನ ತೋಟಗಳ ನಡುನಡುವೆ ಹೊಲದ ಬದುಗಳಲ್ಲಿ ಬೇವು, ಹೊಂಗೆ, ಮುತ್ತುಗ, ಬೂರುಗಗಳನ್ನು ಕಾಣಬಹುದು. ಮುತ್ತುಗವನ್ನು ನೋಡಬೇಕಾದರೆ ಇದೇ ಸೀಮೆ. ಅದು ಎಲೆಯನ್ನೆಲ್ಲ ಕಳಚಿ, ಒಣಗಿಯೇ ಹೋಯಿತೇನೋ ಎಂಬಂತೆ ಕೆಲವು ದಿನ ನಿಂತು, ಶಿವರಾತ್ರಿಯ ಆಸುಪಾಸಿನಲ್ಲಿ ಬರಿಯ ಕೊಂಬೆಯ ಮೇಲೆ ಕೆಂಡದಂಥ ಹೂವನ್ನು ಹೊತ್ತು ನಿಲ್ಲುತ್ತದೆ.

ಮುತ್ತುಗದ ಎಲೆ ನಮ್ಮ ಮನೆಗಳಿಗೆ ಹೊಸದಲ್ಲ. ಮೂರು ಮೂರಾಗಿ ಬರುವ ಆ ದಪ್ಪನೆಯ ಎಲೆಗಳನ್ನು ಬಲಿತ ಮೇಲೆ, ಹಣ್ಣಾಗುವ ಮುನ್ನ ಕಿತ್ತು ತಂದು, ಒಣಗಿಸಿ, ಕಡ್ಡಿ ಚುಚ್ಚಿ ಊಟದೆಲೆ ಹಚ್ಚುವುದು ಅಜ್ಜಿಯರ ಮಧ್ಯಾಹ್ನದ ಕೆಲಸವಾಗಿತ್ತು. ಮದುವೆಯ ಮನೆಯಲ್ಲಿ, ಮಠದ ದಾಸೋಹದಲ್ಲಿ ಸಾವಿರ ಜನ ಕುಳಿತರೂ ಇದೇ ಎಲೆ. ಊಟವಾದ ಮೇಲೆ ತಿಪ್ಪೆಗೆ ಹೋಗಿ, ಮರುವರ್ಷ ಹೊಲಕ್ಕೆ ಗೊಬ್ಬರ. ಅಡಕೆ ಹಾಳೆಯ ತಟ್ಟೆ, ಸ್ಟೀಲಿನ ತಟ್ಟೆ ಬಂದಿರುವುದಕ್ಕೆ ನಮ್ಮ ತಕರಾರಿಲ್ಲ. ಪ್ಲಾಸ್ಟಿಕ್ ಲೇಪದ ಕಾಗದದೆಲೆಗೆ ಇದೆ. ಬಿಸಿ ಅನ್ನ ಸಾರು ಬಿದ್ದಾಗ ಮುತ್ತುಗದ ಎಲೆಯಿಂದ ಏಳುತ್ತಿದ್ದ ವಾಸನೆಯನ್ನು ಮೊಮ್ಮಕ್ಕಳಿಗೆ ಮಾತಿನಲ್ಲಿ ವರ್ಣಿಸುವುದು ನಮ್ಮಿಂದಾಗದು.

ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯನ್ನು ಬೆಳಗಿನ ಎಂಟರೊಳಗೆ ಹತ್ತಿಬಿಡಬೇಕು. ಸುಮಾರು 650 ಮೆಟ್ಟಿಲು, ಬರಿಗಾಲು. ಫೆಬ್ರವರಿಯ ಬಿಸಿಲಿಗೆ ಕಲ್ಲು ಬೇಗ ಕಾಯುತ್ತದೆ. ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯನು ಮಾಡಿಸಿದ 58 ಅಡಿ ಎತ್ತರದ ಗೊಮ್ಮಟಮೂರ್ತಿಯನ್ನು ಕಂಡು, ಕೈಮುಗಿದು, ಇಳಿಯುವಾಗ ಎದುರಿನ ಚಂದ್ರಗಿರಿಯ ಕಡೆಗೂ ಸುತ್ತಲ ಬಯಲಿಗೂ ಕಣ್ಣು ಹಾಯಿಸಿದರೆ, ತೆಂಗಿನ ಕಡುಹಸಿರಿನ ನಡುವೆ ಹಳದಿ, ಕಂದು, ಎಳೆಹಸಿರಿನ ತೇಪೆಗಳು ಕಾಣುತ್ತವೆ. ಒಂದು ಸೋಜಿಗ: 2006ರ ಮಹಾಮಸ್ತಕಾಭಿಷೇಕವೂ 2018ರದೂ ನಡೆದದ್ದು ಫೆಬ್ರವರಿಯಲ್ಲಿಯೇ. ಲಕ್ಷಾಂತರ ಜನ ಸರಿಯಾಗಿ ಎಲೆ ಉದುರುವ ತಿಂಗಳಿನಲ್ಲಿ ಬೆಟ್ಟ ಹತ್ತಿ ಇಳಿದಿದ್ದಾರೆ. 2018ರಲ್ಲಿ ಹೋಗಿದ್ದ ನಮಗೆ ನೂಕುನುಗ್ಗಲಿನ ಹೊರತು ಬೇರೇನೂ ನೆನಪಿಲ್ಲ. ಸಮಯವಿದ್ದವರು ನುಗ್ಗೇಹಳ್ಳಿಗೂ ಹೋಗಿ 1246ರ ಲಕ್ಷ್ಮೀನರಸಿಂಹ ದೇವಾಲಯವನ್ನೂ ಅದೇ ಊರಿನ ಸದಾಶಿವ ದೇವಾಲಯವನ್ನೂ ನೋಡಿ ಬರಲಿ.

ಹೊಳೆನರಸೀಪುರಕ್ಕೆ ಬಸ್ಸು ಬೇಕಾದಷ್ಟಿದೆ, ಆದರೂ ಹಾಸನದಿಂದ ಮೈಸೂರಿನ ಕಡೆಗೆ ಹೋಗುವ ರೈಲನ್ನೇ ಹಿಡಿಯಬೇಕೆಂಬುದು ನಮ್ಮ ಸಲಹೆ. ಮೊಸಳೆ ಹೊಸಹಳ್ಳಿ, ಮಾವಿನಕೆರೆ ದಾಟಿ ರೈಲು ಹೋಗುವಾಗ ಕಿಟಕಿಯ ಬದಿಯಲ್ಲಿ ಹೊಂಗೆಯ ಮರಗಳು ಒಂದಾದ ಮೇಲೊಂದರಂತೆ ಹಾದುಹೋಗುತ್ತವೆ. ಕೆಲವು ಹಳದಿ, ಕೆಲವು ಬರಿದು, ಕೆಲವು ಆಗಲೇ ಚಿಗುರಿದವು. ಹೊಂಗೆಯ ಹೊಸ ಚಿಗುರಿನ ಹಸಿರಿಗೆ ಎಣ್ಣೆ ಸವರಿದಂಥ ಹೊಳಪಿದೆ. ಅದು ಹೆಚ್ಚು ದಿನ ಉಳಿಯುವುದಿಲ್ಲ. ಹೊಂಗೆಯ ಸೊಪ್ಪು ಗದ್ದೆಗೆ ಗೊಬ್ಬರ, ಬೀಜದ ಎಣ್ಣೆ ಒಂದು ಕಾಲಕ್ಕೆ ದೀಪಕ್ಕೆ. ಹಾಸನ ತಾಲ್ಲೂಕಿನ ಮಡೆನೂರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು 2007ರಲ್ಲಿ ಜೈವಿಕ ಇಂಧನ ಉದ್ಯಾನವನ್ನು ಆರಂಭಿಸಿ, ಬದುಗಳಲ್ಲಿ ಹೊಂಗೆ ಬೆಳೆಸಲು ಸುತ್ತಲ ಹಳ್ಳಿಗಳ ರೈತರನ್ನು ಹುರಿದುಂಬಿಸಿದ್ದೂ ಈ ಮರದ ನೆವದಿಂದಲೇ. ಮೊಸಳೆಯಲ್ಲಿ ಅಕ್ಕಪಕ್ಕ ನಿಂತ ನಾಗೇಶ್ವರ, ಚೆನ್ನಕೇಶವ ದೇವಾಲಯಗಳು ಹೊಯ್ಸಳರ ಕಾಲದವು, ಸುಮಾರು 1200ರವು. ಬೇಲೂರು ಹಳೇಬೀಡುಗಳ ಜನಜಂಗುಳಿ ಇಲ್ಲಿಲ್ಲ. ಒಂದು ಮಧ್ಯಾಹ್ನವೆಲ್ಲ ಕುಳಿತರೂ ಏಳೆನ್ನುವವರಿಲ್ಲ. ಹೊಳೆನರಸೀಪುರದಲ್ಲಿ ಹೇಮಾವತಿಯ ದಂಡೆಯ ಹೊಳೆಮತ್ತಿಯ ಮರಗಳನ್ನು ನೋಡಬೇಕು. ಬೂದುಬಿಳುಪಿನ ನುಣುಪಾದ ಕಾಂಡ, ಬೇರು ನೀರಿನ ಪಕ್ಕದಲ್ಲೇ. ಆದುದರಿಂದ ಊರಿನ ಮರಗಳೆಲ್ಲ ಬರಿದಾದ ಮೇಲೂ ಇವು ನಿಧಾನವಾಗಿ, ಅವಸರವಿಲ್ಲದೆ ಎಲೆ ಬಿಡುತ್ತಿರುತ್ತವೆ. ಹಳದಿ ಎಲೆ ನೀರಿಗೆ ಬಿದ್ದು, ಬಟ್ಟೆ ಒಗೆಯುವ ಕಲ್ಲುಗಳ ಸಂದಿಯಲ್ಲಿ ಸುಳಿದು ಕೆಳಕ್ಕೆ ಹೋಗುತ್ತದೆ.

ಇನ್ನು ಅರಕಲಗೂಡು. ಹಾಸನದಿಂದ ಗೊರೂರಿನ ಮೇಲೆ ಹೋಗುವುದೇ ಚೆಂದ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಜಲಾಶಯವಿದೆ. 1979ರಲ್ಲಿ ಪೂರ್ಣಗೊಂಡ ಇದು ತುಂಬಿದಾಗ ಹಿಡಿಯುವ ನೀರು ಸುಮಾರು 37 ಟಿ.ಎಂ.ಸಿ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಈ ಊರಿನವರು. ಹಳ್ಳಿಯ ಚಿತ್ರಗಳನ್ನು ಬರೆದ ಅವರೇ ಇಳಿವಯಸ್ಸಿನಲ್ಲಿ ಅಮೆರಿಕವನ್ನು ಕಂಡು ಬಂದು ‘ಅಮೆರಿಕಾದಲ್ಲಿ ಗೊರೂರು’ ಬರೆದರು. ಅದಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕಾಗದ ಬರೆದ ತಾಯಿ ಮಗಳ ಮನೆಗೆ ಹೋಗುವಾಗ ಈ ಪುಸ್ತಕವನ್ನು ಜೊತೆಯಲ್ಲಿ ಒಯ್ಯಲಿ.

ಅರಕಲಗೂಡು ತಾಲ್ಲೂಕಿನಲ್ಲಿ ಬಯಲು ಮುಗಿದು ಮಲೆನಾಡು ಕಾಣತೊಡಗುತ್ತದೆ. ಪಶ್ಚಿಮಕ್ಕೆ ಹೋದಷ್ಟೂ ಮತ್ತಿ, ಹೊನ್ನೆ, ನಂದಿ, ಬೀಟೆ, ತೇಗದ ಮರಗಳು ಹೆಚ್ಚುತ್ತವೆ. ಮಾರ್ಚಿಯ ನಡುವಿನಲ್ಲಿ ನಾವು ಹೋದಾಗ ಒಂದೇ ಇಳಿಜಾರಿನಲ್ಲಿ ತೇಗ ಪೂರ್ತಿ ಬರಿದಾಗಿತ್ತು, ನಂದಿಯ ಮರದಲ್ಲಿ ಕಂದೆಲೆ ಇನ್ನೂ ಅಂಟಿಕೊಂಡಿತ್ತು, ಮಾವು ನೇರಳೆಗಳು ಮಾತ್ರ ತಾಮ್ರದ ಚಿಗುರಿನಲ್ಲಿದ್ದವು. ತರಗಿನ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ಹಲವು ಬಣ್ಣ ಒಂದೇ ನೋಟದಲ್ಲಿ ಸಿಕ್ಕಿದ್ದು ನಾಲ್ಕು ತಾಲ್ಲೂಕುಗಳಲ್ಲಿ ಇಲ್ಲಿ ಮಾತ್ರ. ಒಂದೇ ದಿನ ಬಿಡುವಿರುವವರಿಗೆ ನಾವು ಹೇಳುವುದು ಇದೇ ಜಾಗ. ಆದರೆ ಈ ಅಂಚಿನಲ್ಲಿ ಕಾಡಾನೆಗಳ ಓಡಾಟವಿದೆ. ರಸ್ತೆ ಬಿಟ್ಟು ಕಾಡಿಗೆ ನುಗ್ಗಬಾರದು, ಸಂಜೆ ಐದರೊಳಗೆ ಊರು ಸೇರಬೇಕು, ಹಳ್ಳಿಯವರು ಬೇಡವೆಂದರೆ ವಾದಿಸದೆ ಹಿಂದಿರುಗಬೇಕು.

ರಾಮನಾಥಪುರದಲ್ಲಿ ಕಾವೇರಿಯ ಸೋಪಾನದ ಮೇಲೆ ಕುಳಿತು ಬುತ್ತಿ ಬಿಚ್ಚಬಹುದು. ರಾಮೇಶ್ವರನ ಗುಡಿಗೆ ಬಂದವರು ನದಿಯ ಮೀನುಗಳಿಗೆ ಪುರಿ ಎರಚುವುದನ್ನು ಮಕ್ಕಳು ನೋಡಲಿ. ಅಲ್ಲಿಂದ ಕೋಣನೂರಿಗೆ ಹೋದರೆ ತೂಗುಸೇತುವೆಯ ಮೇಲಿನಿಂದ ಎರಡೂ ದಡದ ಮರಗಳು ಕಾಣುತ್ತವೆ. ಈ ಸೀಮೆಯಲ್ಲಿ ಇನ್ನೊಂದು ಬಗೆಯ ಹಣ್ಣೆಲೆಯೂ ಇದೆಯೆಂಬುದನ್ನು ಹೇಳದಿರಲಾರೆವು, ಅದು ಹೊಗೆಸೊಪ್ಪು. ರಾಮನಾಥಪುರದಲ್ಲಿ ಅದರ ಹರಾಜು ಮಾರುಕಟ್ಟೆಯಿದೆ. ಮಳೆಗಾಲದಲ್ಲಿ ಹಸಿರು ಎಲೆಯನ್ನು ಬ್ಯಾರನ್ನಿನಲ್ಲಿ ತೂಗುಹಾಕಿ ಬೆಂಕಿಯ ಕಾವಿನಲ್ಲಿ ಹದಮಾಡಿದರೆ ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ಅರಕಲಗೂಡಿನ ಹಲವು ಮನೆಗಳ ಮಕ್ಕಳು ಓದಿದ್ದು ಆ ಚಿನ್ನದಿಂದಲೇ. ಆದರೆ ಆ ಕಾವಿಗೆ ಸೌದೆ ಬೇಕು, ಸೌದೆಗೆ ಮರ ಬೇಕು. ಎಲೆ ಹಣ್ಣಾಗಿಸಲು ಮರವನ್ನೇ ಉರಿಸುವ ಈ ವ್ಯವಹಾರದ ಬಗ್ಗೆ ತೀರ್ಪು ಹೇಳುವುದು ಪಟ್ಟಣದಲ್ಲಿ ಕುಳಿತ ನಮ್ಮಂಥವರಿಗೆ ಸುಲಭ. ಬದಲಿ ಬೆಳೆಯ ಆದಾಯ ತೋರಿಸುವುದು ಕಷ್ಟ.

ಇಷ್ಟು ಸುತ್ತಾಡಿದ ಮೇಲೂ ನಮ್ಮ ಮನಸ್ಸಿನಲ್ಲಿ ಉಳಿದಿರುವುದು ಬಿಲ್ವ. ಲಿಂಗಪೂಜೆಯ ಮನೆಗಳಲ್ಲಿ ಹುಟ್ಟಿದ ನಮಗೆ ಮೂರು ದಳದ ಪತ್ರೆ ಎಳವೆಯಿಂದ ಪರಿಚಿತ. ಮರದ ಪರಿಚಯ ಅಷ್ಟಿಲ್ಲ. ಬಿಲ್ವವೂ ಎಲೆ ಉದುರಿಸುವ ಮರ. ಫಾಲ್ಗುಣದ ಹೊತ್ತಿಗೆ ಅದರ ಎಲೆ ಹಳದಿಯಾಗಿ ಬೀಳತೊಡಗಿ, ಚೈತ್ರ ವೈಶಾಖಗಳಲ್ಲಿ ಎಳೆಯ ಎಲೆಯೂ ನಸುಹಸಿರು ಬಿಳುಪಿನ ಪರಿಮಳದ ಹೂವೂ ಬರುತ್ತವೆ. ಎಂದರೆ ಮಾಘ ಬಹುಳ ಚತುರ್ದಶಿಯ ಮಹಾಶಿವರಾತ್ರಿಗೆ ಮರದಲ್ಲಿರುವುದು ವರ್ಷವೆಲ್ಲ ದುಡಿದು ಬಲಿತ ಎಲೆ. ಸರಿಯಾಗಿ ಆಗಲೇ ನಾವು ಮರಕ್ಕೆ ಮುಗಿಬೀಳುತ್ತೇವೆ. ಎಲೆ ಬಿಡಿಸಿಕೊಳ್ಳುವ ತಾಳ್ಮೆಯಿಲ್ಲದೆ ಕೊಂಬೆಯನ್ನೇ ಕಡಿದು ತಂದು, ಪೇಟೆಯಲ್ಲಿ ಕಟ್ಟುಕಟ್ಟಾಗಿ ಮಾರುವುದನ್ನು ಎಲ್ಲರೂ ನೋಡಿದ್ದೇವೆ, ಕೊಂಡೂ ಇದ್ದೇವೆ. ಆ ಕೊಂಬೆಯ ಗಿಣ್ಣುಗಳಲ್ಲಿ ಮುಂದಿನ ಚಿಗುರು ಕಾದಿರುತ್ತದೆಂಬುದು ಕಡಿಯುವವನಿಗೂ ಗೊತ್ತಿಲ್ಲ, ಕೊಳ್ಳುವ ನಮಗೂ ಗೊತ್ತಿಲ್ಲ.

ಅರಕಲಗೂಡಿನ ಕಡೆಯ ಒಂದು ಹಳ್ಳಿಯ ಗುಡಿಯಲ್ಲಿ ಶಿವರಾತ್ರಿಯ ಸಂಜೆ ನಾವು ಕಂಡದ್ದು ಇದು. ಎಂಟೊಂಬತ್ತು ವರ್ಷದ ಹುಡುಗಿ ಬಿಲ್ವದ ಬುಡದಲ್ಲಿ ಬಿದ್ದಿದ್ದ ಎಲೆಗಳನ್ನು ಲಂಗದ ಮಡಿಲಿಗೆ ಆಯ್ದುಕೊಂಡು ಬಂದು, “ಅಜ್ಜಿ, ಇದು ಹಣ್ಣಾಗಿಬಿಟ್ಟಿದೆ, ಆಗ್ತದಾ?” ಎಂದಳು. ಅಜ್ಜಿ ಉತ್ತರ ಹೇಳಲಿಲ್ಲ. ಒಂದೊಂದೇ ಎಲೆಯನ್ನು ತಿರುಗಿಸಿ ನೋಡಿ, ಮೂರು ದಳವೂ ಸರಿಯಾಗಿದ್ದವನ್ನು ತಂಬಿಗೆಯ ನೀರಿನಲ್ಲಿ ತೊಳೆದು ತಟ್ಟೆಯಲ್ಲಿ ಜೋಡಿಸಿದರು. ಒಣಗಿದ ಬಿಲ್ವವೂ ಪೂಜೆಗೆ ಸಲ್ಲುತ್ತದೆಂಬ ಹಿರಿಯರ ನಂಬಿಕೆಯನ್ನು ನಾವೂ ಕೇಳಿದ್ದೆವು, ನಡೆಯುವುದನ್ನು ಕಂಡದ್ದು ಅಂದೇ. ತಟ್ಟೆಯಲ್ಲಿ ಹಸಿರು ಪತ್ರೆಗಿಂತ ಹಳದಿಯದೇ ಹೆಚ್ಚಿತ್ತು, ದೀಪದ ಬೆಳಕಿಗೆ ಅದೇ ಹೆಚ್ಚು ಒಪ್ಪುತ್ತಿತ್ತು.

ಬಿಲ್ವ ಮುಳ್ಳಿನ ಮರ, ಕಡಿಮೆ ನೀರಿನಲ್ಲಿ ಬಾಳುವ ಮರ. ಮಳೆಗಾಲದ ಆರಂಭದಲ್ಲಿ ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ವಿಚಾರಿಸಬಹುದು, ಹಣ್ಣಿನ ಬೀಜದಿಂದ ಮನೆಯಲ್ಲಿಯೇ ಎಬ್ಬಿಸಲೂಬಹುದು. ಮಠಗಳ, ಸಮುದಾಯ ಭವನಗಳ ಅಂಗಳಕ್ಕೆ ಈಗ ಗೋಡೆಯಿಂದ ಗೋಡೆಗೆ ಹೆಂಚು ಹಾಸುವ ರೂಢಿ ಬಂದಿದೆ. ಹಾಸುವವರು ಮರದ ಬುಡಕ್ಕೆ ಗೇಣು ಜಾಗ ಬಿಟ್ಟು ಉಪಕಾರ ಮಾಡಿದೆವೆಂದು ತಿಳಿಯುತ್ತಾರೆ. ನಾಲ್ಕು ಮೊಳವಾದರೂ ಬಿಡಿಸಬೇಕೆಂದು ಆಡಳಿತ ಮಂಡಳಿಯಲ್ಲಿರುವ ನಮ್ಮ ಓದುಗರಲ್ಲಿ ಕೇಳಿಕೊಳ್ಳುತ್ತೇವೆ.

ಪ್ರವಾಸ ಹೊರಡುವವರಿಗೆ ಎರಡು ಮಾತು. ಫೆಬ್ರವರಿಯಿಂದ ಏಪ್ರಿಲಿನವರೆಗೆ ತರಗು ತುಂಬಿದ ಕಾಡು ಸೌದೆಯ ರಾಶಿಯಂತೆ. ಬೀಡಿಯ ತುಂಡೊಂದು ಸಾಕು. ಅನ್ನ ಬಿಸಿಮಾಡಲೆಂದು ಒಲೆ ಹೂಡಬೇಡಿ, ಬುತ್ತಿಯನ್ನು ಮನೆಯಿಂದಲೇ ಒಯ್ಯಿರಿ. ಮಕ್ಕಳು ಎಲೆ ಆಯ್ದರೆ ಬೈಯಬೇಡಿ. ಹಳೆಯ ಪಂಚಾಂಗದ ಹಾಳೆಗಳ ನಡುವೆ ಇಟ್ಟು ಮೇಲೆ ಭಾರ ಹೇರಿದರೆ ಹದಿನೈದು ದಿನದಲ್ಲಿ ಒಣಗುತ್ತದೆ, ಬಣ್ಣವೂ ಬಹುಮಟ್ಟಿಗೆ ಉಳಿಯುತ್ತದೆ. ಮನೆಯ ಮುಂದಿನ ತರಗಿಗೆ ಬೆಂಕಿ ಹಾಕುವ ಬದಲು ಹಿತ್ತಲ ಮೂಲೆಯಲ್ಲಿ ಗುಂಡಿ ತೋಡಿ ತುಂಬಿ, ಸೆಗಣಿನೀರು ಚಿಮುಕಿಸಿದರೆ ಮುಂದಿನ ಮಳೆ ಕಳೆಯುವಷ್ಟರಲ್ಲಿ ಹೂಗಿಡಗಳಿಗೆ ಗೊಬ್ಬರ ಸಿದ್ಧ. ಹಿತ್ತಲಿಲ್ಲದವರು ಗೋಣಿಚೀಲದಲ್ಲಿಯೂ ಮಾಡಬಹುದು. ನಾವು ಮಾಡಿ ನೋಡಿದ್ದೇವೆ.

ಹೊಳೆನರಸೀಪುರದ ತಾಯಿಗೆ ಇಷ್ಟನ್ನೂ ಚಿಕ್ಕದಾಗಿ ಬರೆದು ಕಳಿಸಿದ್ದೆವು. ಮೊಮ್ಮಕ್ಕಳಿಗೆ ರಜೆ ಸಿಕ್ಕುವುದು ಡಿಸೆಂಬರಿನ ಕೊನೆಗೆ ಮಾತ್ರವಾದ್ದರಿಂದ ಮುತ್ತುಗ, ಹೊಂಗೆ, ಅರಕಲಗೂಡಿನ ಕಾಡು ಅವರಿಗೆ ಸಿಕ್ಕಲಾರವೆಂದೂ, ಬಾದಾಮಿಯ ಮರವೊಂದೇ ದಾರಿಯೆಂದೂ, ಅದನ್ನು ನೋಡಲು ಹಾಸನಕ್ಕೆ ಕರೆತರಬೇಕೆಂದೂ ಬರೆದಿದ್ದೆವು. ಹೋದ ವಾರ ಅವರ ಕಾರ್ಡು ಬಂದಿತು. ಬಾದಾಮಿ ಮರ ಅವರ ಹಿತ್ತಲಿನಲ್ಲಿಯೇ ಇದೆಯಂತೆ. ಇಪ್ಪತ್ತು ವರ್ಷದಿಂದ ಚಳಿಗಾಲದಲ್ಲಿ ದಿನವೂ ಬೆಳಗ್ಗೆ ಆರಕ್ಕೆದ್ದು ಅದರ ಎಲೆ ಗುಡಿಸಿ ಸೊಂಟ ಹಿಡಿದುಕೊಂಡಿದೆಯಂತೆ. ಈ ಡಿಸೆಂಬರಿನಲ್ಲಿ ಮಕ್ಕಳು ಬಂದು ನೋಡುವವರೆಗೆ ಪೊರಕೆ ಮುಟ್ಟುವುದಿಲ್ಲವೆಂದು ಬರೆದಿದ್ದಾರೆ.